ನಷ್ಟದ ಲೆಕ್ಕದ ರೈಲು

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಮಗನ ಫ್ಲ್ಯಾಟಿಗೆ ನಾವಿಬ್ಬರೂ ಬಂದು ಆರು ವರ್ಷವಾಯ್ತು. ಮೊಮ್ಮಗ ರೈಲಿನ ಚಿತ್ರ ಬರೆದರೆ ಸಾಕು, ನನಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ನೆನಪಾಗುತ್ತೆ. 1979ರಲ್ಲಿ ಶುರುವಾದದ್ದು. ಮಹಾರಾಣಿಯವರ 1899ರ ಸಲೂನ್, ಅಡುಗೆಮನೆ ಸಮೇತ, ಅಲ್ಲಿದೆ. ಒಪ್ಪವಾಗಿ ಇಟ್ಟಿದ್ದಾರೆ, ಆದರೆ ಅದು ನಿಂತ ಗಾಡಿ.

ಓಡುವ ಹಳೆಯ ರೈಲು ನೋಡಿದ್ದು ಇಲ್ಲಿಗೆ ಬಂದ ಮೇಲೆ. ಬರೋಡದ ಗಾಯಕವಾಡರು ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿಗಳನ್ನು ಊರೂರಿಗೆ ಹಾಕಿಸಿದವರು. 1862ರಲ್ಲಿ ಖಂಡೇರಾವ್ ಮಹಾರಾಜರ ಕಾಲದಲ್ಲಿ ದಭೋಯಿ–ಮಿಯಾಗಾಂ ನಡುವೆ ಹಾಕಿದ ಮೊದಲ ಹಳಿಯ ಮೇಲೆ ಗಾಡಿ ಎಳೆದದ್ದು ಎತ್ತುಗಳು! ಮರುವರ್ಷ ಇಂಜಿನ್ ಬಂತು, ಆದರೆ ಹಗುರ ಹಳಿ ಅದರ ಭಾರ ತಡೆಯಲಿಲ್ಲ. ಗಟ್ಟಿ ಹಳಿ ಹಾಕಿ ಇಂಜಿನ್ನನ್ನೇ ನಂಬಿ ಓಡಿಸಿದ್ದು 1873ರಲ್ಲಿ. ಹತ್ತು ವರ್ಷ ಇಂಜಿನ್ನಿಗಿಂತ ಎತ್ತೇ ಮೇಲಾಗಿತ್ತು ನೋಡಿ.

ಸಯಾಜಿರಾವ್ ಮಹಾರಾಜರ ಕಾಲದಲ್ಲಿ, 1913ರಲ್ಲಿ, ಸೂರತ್‌ನಿಂದ ದಕ್ಷಿಣಕ್ಕಿರುವ ಬಿಲಿಮೋರಾದಿಂದ ವಘಈಗೆ 63 ಕಿ.ಮೀ. ಲೈನು ಬಂತು. ಡಾಂಗ್ ಕಾಡಿನ ತೇಗ ಸಾಗಿಸುವುದಕ್ಕೆ. ತೇಗದ ಕಾಲ ಹೋಯ್ತು, ಉಗಿ ಹೋಗಿ ಡೀಸೆಲ್ ಬಂತು, ರೈಲು ಉಳೀತು. 2020ರ ಲಾಕ್‌ಡೌನಿನಲ್ಲಿ ನಿಂತಿತು. ವರ್ಷದ ಕೊನೆಗೆ, ನಷ್ಟದ ಲೈನು, ಪೂರ್ತಿ ಮುಚ್ಚೋದೇ ಸರಿ ಅಂತ ರೈಲ್ವೆ ತೀರ್ಮಾನಿಸಿತು. ಜನ ಬಿಡಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಮತ್ತೆ ಹೊರಟಿತು, ಪ್ರವಾಸಿಗರಿಗಾಗಿ ಒಂದು ಎ.ಸಿ. ಬೋಗಿಯನ್ನೂ ಕಟ್ಟಿಕೊಂಡು.

ನಷ್ಟ ಅಂದರೆ ನನಗೆ ಗೊತ್ತು. ನೌಕರಿಯಲ್ಲಿದ್ದಾಗ ಒಂದು ಹಳ್ಳಿ ಶಾಖೆ ಮುಚ್ಚಬಹುದು ಅಂತ ವರದಿ ಬರೆದವನೇ ನಾನು. ಅಂಕಿಯಲ್ಲಿ ತಪ್ಪಿರಲಿಲ್ಲ. ಪಿಂಚಣಿ ತಗೊಳ್ಳೋ ಅಜ್ಜಿಯರು ಆಮೇಲೆ ಮೂರು ಮೈಲಿ ನಡೆದು ಪಕ್ಕದೂರಿಗೆ ಹೋಗಬೇಕಾಯ್ತು. ಆ ನಡಿಗೆಗೆ ನಮ್ಮ ಲೆಡ್ಜರಿನಲ್ಲಿ ಕಾಲಂ ಇರಲಿಲ್ಲ.

ಮೊಮ್ಮಗನನ್ನು ಕರಕೊಂಡು ಬಿಲಿಮೋರಾಕ್ಕೆ ಹೋದೆ. ಎ.ಸಿ. ಬೋಗಿ ಬೇಡ ಅಂದ, ಕಿಟಕಿಯಿಂದ ಕೈ ಹಾಕಬೇಕಂತೆ. ಸಾದಾ ಬೋಗಿಯಲ್ಲಿ ಡಾಂಗಿ ಹೆಂಗಸರು ಬುಟ್ಟಿ, ಮಕ್ಕಳ ಜೊತೆ ಇಕ್ಕಟ್ಟಾಗಿ ಕೂತಿದ್ದರು. ಒಬ್ಬಾಕೆ ಸರಿದು ಜಾಗ ಕೊಟ್ಟಳು. ಇವನು ಬ್ಯಾಗಿನಿಂದ ಕೋಡುಬಳೆ ತೆಗೆದ. ಇದೇನು ಅಂತ ಆಕೆ ಕೇಳಿದಳು. ನನ್ನ ಗುಜರಾತಿ ಅಷ್ಟಕ್ಕಷ್ಟೇ. ತಿಂದು ನೋಡಮ್ಮ ಅಂತ ಕನ್ನಡದಲ್ಲೇ ಅಂದೆ.