ದಿನದಿನಕ್ಕೂ ನಡಿಗೆ ಹೆಚ್ಚಿಸಿದ ರಾಜ

ಶತ್ರುವಿನ ಆನೆಗಳನ್ನು ಹಿಡಿಯಲು ಹೊರಟ ಒಬ್ಬ ರಾಜ ಮೊದಲ ದಿನ 2 ಯೋಜನ ಸಾಗಿದ. ಮುಂದೆ ದಿನದಿನಕ್ಕೂ ಒಂದೇ ಪ್ರಮಾಣದಲ್ಲಿ ನಡಿಗೆ ಹೆಚ್ಚಿಸುತ್ತ, 80 ಯೋಜನ ದೂರದ ಶತ್ರುನಗರವನ್ನು 7 ದಿನಗಳಲ್ಲಿ ತಲುಪಿದ. ದಿನದ ಹೆಚ್ಚಳವೆಷ್ಟು? ಇದು ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ (ಕ್ರಿ.ಶ. 1150) ಬರುವ ಲೆಕ್ಕ.

ಸಮಾಂತರ ಶ್ರೇಢಿ ಎಂದೊಡನೆ ನಮ್ಮ ವಿದ್ಯಾರ್ಥಿಗಳು ಸೂತ್ರಕ್ಕಾಗಿ ತಡಕಾಡುತ್ತಾರೆ. ಸೂತ್ರ ಮರೆತರೆ ಲೆಕ್ಕ ಅಲ್ಲಿಗೇ ನಿಂತಿತು. (ನಾನೂ ಉರು ಹೊಡೆದವನೇ!) ಸೂತ್ರ ಬಿಟ್ಟು ಸರಾಸರಿಯಿಂದ ಹೊರಡೋಣ. ರಾಜನ ನಡಿಗೆಯ ಸರಾಸರಿ ದಿನಕ್ಕೆ 80/7 ಯೋಜನ. ಹೆಚ್ಚಳ ಒಂದೇ ಸಮನಾಗಿರುವುದರಿಂದ ನಟ್ಟನಡುವಿನ ದಿನ, ಅಂದರೆ 4ನೆಯ ದಿನ, ಅವನು ನಡೆದದ್ದೂ ಅಷ್ಟೇ. ಅದರಲ್ಲಿ ಮೊದಲ ದಿನದ 2 ಕಳೆದರೆ ಉಳಿಯುವುದು 66/7. ಇದು 3 ದಿನಗಳ ಹೆಚ್ಚಳ. ಹಾಗಾಗಿ ದಿನಕ್ಕೆ 22/7 ಯೋಜನ.

ಹಿಂದಿನವರ ದಾರಿಯೂ ಇದೇ. ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಆರ್ಯಭಟ ಮೊದಲು ಶ್ರೇಢಿಯ ಮಧ್ಯಬೆಲೆಯನ್ನು ಪಡೆಯುತ್ತಾನೆ, ಅದನ್ನು ಪದಗಳ ಸಂಖ್ಯೆಯಿಂದ ಗುಣಿಸಿ ಮೊತ್ತ ತೆಗೆಯುತ್ತಾನೆ. ಮೊದಲ ಮತ್ತು ಕೊನೆಯ ಪದಗಳನ್ನು ಕೂಡಿ ಪದಸಂಖ್ಯೆಯ ಅರ್ಧದಿಂದ ಗುಣಿಸುವ ವಿಧಾನವನ್ನು ಇಂದು ಬಾಲಕ ಗೌಸನ ಕಥೆಯೊಂದಿಗೆ ಕಲಿಸುತ್ತೇವೆ. ಆರ್ಯಭಟನ ಅದೇ ಪದ್ಯದಲ್ಲಿ ಅದು ‘ಅಥವಾ’ ಎಂದು ಎರಡನೆಯದಾಗಿ ಬರುತ್ತದೆ!

ಮೊತ್ತಕ್ಕೆ ಅಲ್ಲಿರುವ ಹೆಸರು ‘ಧನ’. ಹಣದ ಲೆಕ್ಕಕ್ಕೂ ಈ ಸರಾಸರಿ ಒದಗುತ್ತದೆ. ತಿಂಗಳಿಗೆ 100 ರೂಪಾಯಿಯಂತೆ ವರ್ಷವಿಡೀ ಕಂತು ಕಟ್ಟಿದರೆ ಮೊದಲ ಕಂತಿಗೆ 12 ತಿಂಗಳ ಬಡ್ಡಿ, ಎರಡನೆಯದಕ್ಕೆ 11, ಕೊನೆಯದಕ್ಕೆ 1. ಸರಾಸರಿ ಆರೂವರೆ, ಅಂದರೆ ಸರಳಬಡ್ಡಿಯಲ್ಲಿ 100 ರೂಪಾಯಿಗೆ 78 ತಿಂಗಳ ಬಡ್ಡಿ.

ಭೌತವಿಜ್ಞಾನ ಕಲಿಸುವ ನನಗೆ ರಾಜ ಮೆಚ್ಚುಗೆಯಾಗಲು ಬೇರೆಯೇ ಕಾರಣವಿದೆ. 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ವೇಗದ ಬಗ್ಗೆ ಇಂಥದ್ದೇ ಮಾತು ಹೇಳಿದರು: ಒಂದೇ ಸಮನೆ ವೇಗ ಹೆಚ್ಚುತ್ತಿರುವ ವಸ್ತು ಕ್ರಮಿಸುವ ದೂರ, ಅವಧಿಯ ನಟ್ಟನಡುವಿನ ವೇಗದಲ್ಲೇ ಅಷ್ಟು ಹೊತ್ತು ಸಾಗಿದ ದೂರಕ್ಕೆ ಸಮ. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಬೀಳುವ ವಸ್ತುಗಳಿಗೆ ಅನ್ವಯಿಸಿದ. ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರ್ ಬೀಳುತ್ತದೆ (ಗಾಳಿಯ ತಡೆ ಬಿಟ್ಟರೆ). ಸಾಮಾನ್ಯ ವ್ಯತ್ಯಾಸ 9.8. ಪರಿಚಿತ ಸಂಖ್ಯೆಯಲ್ಲವೆ?

ಹಾಗೆಂದು ಭಾಸ್ಕರನೇ ಪತನದ ನಿಯಮ ಕಂಡುಹಿಡಿದನೆನ್ನುವುದು ತಪ್ಪು. ರಾಜನ ನಡಿಗೆ ದಿನಕ್ಕೊಮ್ಮೆ ಏರುತ್ತದೆ. ಕಲ್ಲಿನ ವೇಗ ಕ್ಷಣಕ್ಷಣಕ್ಕೂ ಏರುತ್ತದೆ. ಆ ಹೆಜ್ಜೆ ಇಡಲು ಬೇರೆಯದೇ ಆಲೋಚನೆ ಬೇಕಾಯಿತು.

ಅಂದಹಾಗೆ, ಕೊನೆಯ ದಿನ ರಾಜ ಸುಮಾರು 21 ಯೋಜನ ನಡೆದಿದ್ದ. ‘ಲೀಲಾವತಿ’ಯಲ್ಲಿ ಯೋಜನವೆಂದರೆ 32,000 ಮೊಳ. ಮೊಳಕ್ಕೆ 45 ಸೆಂಟಿಮೀಟರ್ ಹಿಡಿದರೂ ಒಂದೇ ದಿನ 300 ಕಿಲೋಮೀಟರ್!