ಮತ್ತೇರಿದ ಇರುವೆ, ಪದರ ಪದರದ ಚಿತ್ರ

ಇರುವೆ ಸುಮ್ಮನೆ ನಿಲ್ಲಲೊಲ್ಲದು. ಲಂಡನ್ನಿನ ವಿಜ್ಞಾನಿ ರಾಬರ್ಟ್ ಹುಕ್ ಅದಕ್ಕೆ ಬ್ರಾಂದಿ ಕುಡಿಸಿ, ಸೂಕ್ಷ್ಮದರ್ಶಕದಡಿ ಕೆಡವಿ ಚಿತ್ರ ಬರೆದ. ಗಂಟೆ ಕಳೆದ ಮೇಲೆ ಅದು ಎದ್ದು ಓಡಿತಂತೆ! 1665ರ ಅವನ ‘ಮೈಕ್ರೋಗ್ರಾಫಿಯಾ’ ಪುಸ್ತಕದಲ್ಲಿ ಮಡಚಿಟ್ಟ ದೊಡ್ಡ ಹಾಳೆಯೊಂದನ್ನು ಬಿಡಿಸಿದರೆ ಚಿಗಟ. ಬೆನ್ನಿನ ಮುಳ್ಳುಗೂದಲಿನಿಂದ ಕಾಲಿನ ಉಗುರಿನವರೆಗೆ ಎಲ್ಲವೂ ಸ್ಪಷ್ಟ. ಮಸೂರ ಒಮ್ಮೆಗೆ ತೋರಿಸುತ್ತಿದ್ದುದು ತೆಳುವಾದ ಒಂದು ಪದರವನ್ನಷ್ಟೇ. ಬೇರೆ ಬೇರೆ ಬೆಳಕಿನಲ್ಲಿ, ಬೇರೆ ಬೇರೆ ಮಗ್ಗುಲಿನಿಂದ ಕಂಡದ್ದನ್ನು ಹುಕ್ ತಲೆಯಲ್ಲೇ ಜೋಡಿಸಿಕೊಂಡಿದ್ದ.

ಕ್ಯಾಮೆರಾಕ್ಕೆ ಆ ತಲೆಯಿಲ್ಲ. ಹಿಗ್ಗಿಸಿದಷ್ಟೂ ಸ್ಪಷ್ಟತೆಯ ಪದರ ತೆಳ್ಳಗಾಗುತ್ತದೆ. ಪದರ ದಪ್ಪಗಾಗಲೆಂದು ಬೆಳಕಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಕಿರಿದು ಮಾಡಿದರೆ ಬೆಳಕು ಬಾಗಿ ಹರಡಿ ಇಡೀ ಚಿತ್ರವೇ ಮಂಕು. 1960ರ ದಶಕದಲ್ಲಿ ಅಮೆರಿಕದ ಡ್ಯಾನ್ ಮೆಕ್‌ಲ್ಯಾಕ್ಲನ್ ಒಂದು ಉಪಾಯ ಹೂಡಿದರು: ಫೋಕಸ್ ಇರುವಲ್ಲಿ ಮಾತ್ರ ಬೆಳಕಿನ ತೆಳು ಹಾಳೆ ಹಾಯಿಸಿ, ವಸ್ತುವನ್ನು ಅದರೊಳಗಿಂದ ನಿಧಾನವಾಗಿ ಸರಿಸುವುದು. ಬೆಳಗಿದ್ದಷ್ಟೇ ಫಿಲ್ಮಿಗೆ ಬಿತ್ತು.

ಮುಂದೆ ಕಂಪ್ಯೂಟರ್ ಬಂತು. ಪದರ ಪದರವಾಗಿ ತೆಗೆದ ಫೋಟೊಗಳ ಸ್ಪಷ್ಟ ಭಾಗಗಳನ್ನಷ್ಟೇ ಅದು ಒಂದು ಚಿತ್ರವಾಗಿ ಬೆಸೆಯತೊಡಗಿತು; ಆ ಕೆಲಸಕ್ಕೆ ಫೋಕಸ್ ಸ್ಟ್ಯಾಕಿಂಗ್ ಎಂಬ ಹೆಸರೂ ಬಂತು.

2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಛಾಯಾಗ್ರಾಹಕ ಲೆವನ್ ಬಿಸ್ ಪ್ರದರ್ಶಿಸಿದ ಒಂದೊಂದು ಕೀಟದ ಚಿತ್ರದಲ್ಲೂ 8,000ಕ್ಕೂ ಹೆಚ್ಚು ಫೋಟೊಗಳು ಬೆಸೆದುಕೊಂಡಿದ್ದವು. ಪ್ರತಿ ಕ್ಲಿಕ್ಕಿಗೂ ಕ್ಯಾಮೆರಾ ಸರಿದದ್ದು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಸೂಜಿಗೆ ಚುಚ್ಚಿದ ಕೀಟಕ್ಕೆ ಬ್ರಾಂದಿ ಬೇಕಿರಲಿಲ್ಲ, ನಿಜ. ಆದರೆ ಮೀಸೆಗೊಂದು, ರೆಕ್ಕೆಗೊಂದು, ಕಣ್ಣಿಗೊಂದು ಎಂದು ಬೆಳಕನ್ನು ಮತ್ತೆ ಮತ್ತೆ ಹೊಂದಿಸಬೇಕಿತ್ತು.