ಸತ್ತ ಮಂಗ ಕೊಟ್ಟ ಅಲರ್ಟ್

ಜೈವಿಕ ದಾಳಿ ಅಂದ ಕೂಡಲೇ ನಮಗೆ ನೆನಪಾಗೋದು ಹಾಲಿವುಡ್ ಸಿನಿಮಾ. ಬಿಳಿ ಸೂಟು ತೊಟ್ಟ ವಿಜ್ಞಾನಿಗಳು, ಗಾಜಿನ ಕೊಳವೆ, ಕೊನೇ ಹತ್ತು ಸೆಕೆಂಡಿನ ಕೌಂಟ್‌ಡೌನ್. ಆದರೆ ಅಂಥ ದಿನಕ್ಕೆ ಒಂದು ಊರು ಹೇಗೆ ತಯಾರಾಗಿರಬೇಕು ಅನ್ನೋದನ್ನ ಕಲಿಯೋಕೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಜಡೆ ಇರುವ ಸೊರಬ ತಾಲ್ಲೂಕಿನಲ್ಲೇ ಕ್ಯಾಸನೂರು ಅಂತ ಒಂದು ಕಾಡಿದೆ. ಜಗತ್ತಿನ ವೈರಸ್ ಪಠ್ಯಪುಸ್ತಕಗಳಲ್ಲಿ ಆ ಹೆಸರಿದೆ. ಊರಲ್ಲಿ ನಾವು ಅದನ್ನ ಮಂಗನ ಕಾಯಿಲೆ ಅಂತೀವಿ.

1957ರ ಮಾರ್ಚ್. ಕಾಡಲ್ಲಿ ಮಂಗಗಳು ಸಾಯತೊಡಗಿದವು. ಸೌದೆ, ಸೊಪ್ಪು ಅಂತ ಕಾಡಿಗೆ ಹೋಗಿ ಬಂದವರು ಜೋರು ಜ್ವರ, ಮೈಕೈ ನೋವಿನಿಂದ ಮಲಗಿದರು, ಕೆಲವರು ಏಳಲೇ ಇಲ್ಲ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಐಸಿಎಂಆರ್ ಮತ್ತು ರಾಕ್‌ಫೆಲರ್ ಫೌಂಡೇಶನ್ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು, ಇವತ್ತಿನ ಎನ್‌ಐವಿ. ಮಂಗ, ಮನುಷ್ಯ ಇಬ್ಬರೂ ಸಾಯ್ತಿದ್ದಾರೆ ಅಂದಾಗ ವಿಜ್ಞಾನಿಗಳಿಗೆ ಹೊಳೆದಿದ್ದು ಯೆಲ್ಲೋ ಫೀವರ್. ಅಲ್ಲಿಯವರೆಗೆ ಏಷ್ಯಾಕ್ಕೆ ಕಾಲಿಡದ ರೋಗ! ಓಡಿ ಬಂದರು. ಸಿಕ್ಕಿದ್ದು ಬೇರೆಯೇ: ಉಣುಗು ಕಚ್ಚಿ ಹರಡುವ ಹೊಸ ವೈರಸ್. ಅದರ ಹತ್ತಿರದ ನಂಟರು ಇದ್ದಿದ್ದು ರಷ್ಯಾದ ಕಾಡುಗಳಲ್ಲಿ.

ಕಥೆ ಸಿಕ್ಕು ಸಿಕ್ಕಾಗೋದು ಇಲ್ಲಿಂದ. ಸೊರಬಕ್ಕೂ ಸೈಬೀರಿಯಾಕ್ಕೂ ಎತ್ತಣಿಂದೆತ್ತ ಸಂಬಂಧ? ವಲಸೆ ಹಕ್ಕಿಗಳು ಉಣುಗು ಹೊತ್ತು ತಂದಿರಬಹುದಾ? ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಅಧ್ಯಯನ ಶುರುವಾಯ್ತು. ಮುಂದೆ ಇಂಥ ಕೆಲಸಕ್ಕೆ ಅಮೆರಿಕದ ಸೇನೆಯ ಹಣವೂ ಬಂತು. ಶೀತಲ ಸಮರದ ಕಾಲ, ಅನುಮಾನ ಬರದೇ ಇರುತ್ತಾ? 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಸಹಭಾಗಿತ್ವದ ಸಂಶೋಧನೆಗಳ ಬಗ್ಗೆ ವರದಿ ಕೊಟ್ಟು, ಈ ಮಾಹಿತಿ ಜೈವಿಕ ಯುದ್ಧಕ್ಕೂ ಉಪಯೋಗವಾಗಬಹುದಲ್ಲ ಅಂತ ಎಚ್ಚರಿಸಿತು. ಮಂಗನ ಕಾಯಿಲೆಯನ್ನು ಯಾರೋ ತಂದು ಬಿಟ್ಟರು ಅನ್ನೋದಕ್ಕಂತೂ ಆಧಾರ ಸಿಗಲಿಲ್ಲ. ಆದರೆ ಸಮಿತಿ ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಕಾಡಿನ ರೋಗದ ಡೇಟಾ ಯಾರ ಕೈಯಲ್ಲಿದೆ, ಯಾತಕ್ಕೆ ಅಂತ ನಮಗೆ ಗೊತ್ತಿರಬೇಕು.

ಈಗ ನಿಜವಾದ ದಾಳಿಯೊಂದನ್ನ ನೋಡಿ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿದರು. 22 ಮಂದಿಗೆ ಸೋಂಕು, 5 ಸಾವು. ಮೊದಲು ಪತ್ತೆ ಹಚ್ಚಿದ್ದು ಗುಪ್ತಚರರಲ್ಲ. ಫ್ಲೋರಿಡಾದ ಆಸ್ಪತ್ರೆಗೆ ಬಂದ ಒಬ್ಬ ರೋಗಿಯನ್ನು ನೋಡಿ, ಇದ್ಯಾಕೋ ಮಾಮೂಲಿ ಅಲ್ಲ ಅಂದ ವೈದ್ಯರು.

ರೋಗವನ್ನು ಮನುಷ್ಯ ಬಿಟ್ಟರೂ ಒಂದೇ, ಪ್ರಕೃತಿ ಬಿಟ್ಟರೂ ಒಂದೇ, ಮೊದಲ ಅಲರ್ಟ್ ಬರೋದು ಕೆಳಗಿನಿಂದಲೇ. ನಮ್ಮಲ್ಲಿ ಆ ಅಲರ್ಟ್ ಸತ್ತ ಮಂಗ. ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಕೆಳಗುದುರಿ ಆ ಜಾಗವೇ ಸೋಂಕಿನ ಗೂಡಾಗುತ್ತೆ. ಊರವರು ಹೇಳಬೇಕು, ಆಶಾ ಕಾರ್ಯಕರ್ತೆ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಬೇಕು, ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಗಬೇಕು, ಸುತ್ತ ಕೀಟನಾಶಕ ಬೀಳಬೇಕು, ಕಾಡಿಗೆ ಹೋಗುವವರ ಕೈಕಾಲಿಗೆ ಡೆಪಾ ಎಣ್ಣೆ ಸಿಗಬೇಕು. ಅಂದಹಾಗೆ, ಆ ಎಣ್ಣೆಯನ್ನು ರೂಪಿಸಿದ್ದು ರಕ್ಷಣಾ ಇಲಾಖೆಯ ಡಿಆರ್‌ಡಿಒ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದೆಲ್ಲ ದಂಡ.

ಕಳಚಿದ್ದೂ ಇದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗ ಹರಡಿ ಜನ ಸತ್ತರು. 1990ರಿಂದ ಕೊಡ್ತಿದ್ದ ಲಸಿಕೆಯ ಶಕ್ತಿ ಕುಗ್ಗಿದೆ ಅಂತ 2022ರಲ್ಲಿ ನಿಲ್ಲಿಸಿದರು, ಹೊಸದು ಕೈಗೆ ಬರುವ ಮೊದಲೇ. ನಿರ್ದಿಷ್ಟ ಔಷಧಿ ಇವತ್ತಿಗೂ ಇಲ್ಲ.

ಸರ್ವರ್ ಡೌನ್ ಆದರೆ ರಾತ್ರಿ ಎರಡಕ್ಕೂ ಎದ್ದು ಕೂರೋರು ನಾವು. ಅದಕ್ಕೆ ಆನ್-ಕಾಲ್ ಇದೆ, ಬ್ಯಾಕಪ್ ಇದೆ, ಸಂಬಳವೂ ಇದೆ. ಕಾಡಂಚಿನಲ್ಲಿ ಆ ಆನ್-ಕಾಲ್ ಮಾಡ್ತಿರೋದು ಗೌರವಧನ ನೆಚ್ಚಿಕೊಂಡ ಒಬ್ಬ ಹೆಣ್ಣುಮಗಳು. ಅರವತ್ತು ವರ್ಷಕ್ಕೂ ಮೇಲೆ ಗೊತ್ತಿರುವ, ಪ್ರತಿ ಡಿಸೆಂಬರಿಗೆ ಹೇಳಿಯೇ ಬರುವ ರೋಗಕ್ಕೆ ಲಸಿಕೆ ಇಟ್ಟುಕೊಳ್ಳದ ವ್ಯವಸ್ಥೆ, ಹೇಳದೇ ಬರುವ ದಾಳಿಯನ್ನ ತಡೆಯುತ್ತೆ ಅಂತ ನಂಬೋದು ಹೇಗೆ?